ಹದಿನೈದು ಪಟ್ಟಿನ ದುರ್ಬೀನು

ನನ್ನ ಗಂಡ ಲಾಂಬರ್ಟ್ ಒಂದು ದುರ್ಬೀನು ಆರಿಸಲು ಇಡೀ ಚಳಿಗಾಲ ತೆಗೆದುಕೊಂಡ. ನನ್ನನ್ನು ಆರಿಸಲು ಅವನಿಗೆ ಒಂದು ಸಂಜೆಯ ಕುಣಿತ ಸಾಕಾಗಿತ್ತು. ಎರಡು ಸಲವೂ ನೀನು ನೋಡಬೇಕಾದದ್ದನ್ನು ಬಿಟ್ಟು ಬೇರೆಲ್ಲ ನೋಡಿದೆ ಎಂದು ನಾನು ಹೇಳಿದರೆ ನಗುತ್ತಾನೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿದ್ದಾನೆ.

ಆ ಚಳಿಗಾಲ ನಮ್ಮ ಊಟದ ಮೇಜಿನ ಮೇಲೆ ಬ್ರೆಡ್ಡಿಡಲು ಜಾಗವಿರಲಿಲ್ಲ. ಎಲ್ಲಿ ನೋಡಿದರೂ ದುರ್ಬೀನು ಕಂಪನಿಗಳ ಬಣ್ಣಬಣ್ಣದ ಪುಸ್ತಕಗಳು. ಒಂದು ಕೈಯಲ್ಲಿ ಹೊಗೆಯಾಡಿಸಿದ ಹಂದಿಮಾಂಸದ ತುಂಡು, ಇನ್ನೊಂದು ಕೈಯಲ್ಲಿ ಪುಸ್ತಕ. ಎಣ್ಣೆ ಬೆರಳಿನಿಂದ ಹಾಳೆ ತಿರುಗಿಸುತ್ತ, "ಬುರ್ಗಿ, ಇಲ್ಲಿ ಕೇಳೇ, ಈ ಗಾಜಿಗೆ ಏಳು ಪದರ ಲೇಪ ಹಾಕಿದಾರಂತೆ" ಎಂದು ಓದಿ ಹೇಳುತ್ತಿದ್ದ. ಏಳು ಪದರ ಯಾಕೆ ಎಂದು ಕೇಳಿದರೆ ಗೊತ್ತಿಲ್ಲ. ಆರಕ್ಕಿಂತ ಏಳು ಜಾಸ್ತಿ, ಅವನಿಗೆ ಅಷ್ಟು ಸಾಕು.

ನಮ್ಮ ಊರಿನ ಬೇಟೆಯ ನೆಲ ಕಲಬೆರಕೆ ನೆಲ. ಸ್ಟೈರಿಯಾ ಪ್ರಾಂತ್ಯದ ಈ ಕಡೆಯ ಕಣಿವೆಗಳೆಲ್ಲ ಹೀಗೆಯೇ. ಕೆಳಗೆ ಜೋಳದ ಹೊಲ, ಸೇಬಿನ ಮರಗಳು, ಹುಲ್ಲುಗಾವಲು. ಅದರ ಮೇಲೆ ಹಗಲಲ್ಲೇ ಮುಸ್ಸಂಜೆಯಾದಂತಿರುವ ಸ್ಪ್ರೂಸ್ ಮರಗಳ ಕಾಡು. ಕಾಡಿನ ಮೇಲೆ ಬರೀ ಬಂಡೆ. ಕೂಗಿದರೆ ಕೇಳಿಸುವಷ್ಟು ಹತ್ತಿರದ ಪ್ರಾಣಿಯನ್ನು ಬೆಳಗ್ಗೆ ನೋಡಿದ ಕಣ್ಣು ಮಧ್ಯಾಹ್ನ ಕಣಿವೆಯಾಚೆಯ ಬಂಡೆಯನ್ನು ಹುಡುಕಬೇಕು. ಇಂಥ ನೆಲಕ್ಕೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು ಸಾಕು. ನೋಟ ಅಗಲವಾಗಿರಬೇಕು, ಸಂಜೆಯ ಬೆಳಕು ಅದರೊಳಗೆ ಚೆನ್ನಾಗಿ ಬರಬೇಕು, ಹತ್ತಿ ಇಳಿಯುವಾಗ ಕತ್ತು ನೋಯಬಾರದು. ಬಂಡೆಯ ಮೇಲಿನದ್ದನ್ನು ನೋಡಬೇಕೆಂದರೆ ಚೀಲದಲ್ಲಿ ಮೂರು ಕಾಲಿನ ದೂರದರ್ಶಕ ಇದ್ದೇ ಇರುತ್ತದೆ. ಇದು ದೊಡ್ಡ ವಿದ್ಯೆಯೇನಲ್ಲ. ಊರಿನಲ್ಲಿ ಬಂದೂಕು ಹಿಡಿದವರೆಲ್ಲರಿಗೂ ಗೊತ್ತು.

ಲಾಂಬರ್ಟನಿಗೂ ಗೊತ್ತಿತ್ತು. ಆದರೆ ಎಲ್ಲರಿಗೂ ಗೊತ್ತಿರುವುದನ್ನು ಅವನು ಒಪ್ಪಿಕೊಂಡರೆ ಅವನ ದೊಡ್ಡಸ್ತಿಕೆ ಏನಾಗಬೇಕು? ಅವನು ನಮ್ಮ ಬೇಟೆ ಸಂಘದ ಮುಖಂಡ. ಅದರ ಮೇಲೆ ಡ್ರೈವಿಂಗ್ ಸ್ಕೂಲಿನ ಮಾಲೀಕ. ಕಣಿವೆಯ ಅರ್ಧ ಜನ ಅವನ ಪಕ್ಕ ಕೂತು ಬೈಸಿಕೊಂಡೇ ಕಾರು ಕಲಿತವರು. ಬೆಳಗಿನಿಂದ ಸಂಜೆಯವರೆಗೆ, "ಎಡಗಡೆ ನೋಡು, ಬಲಗಡೆ ನೋಡು, ಕನ್ನಡಿ ನೋಡು" ಎಂದು ಅರಚಿ ಅರಚಿ ರಾತ್ರಿ ನಿದ್ದೆಯಲ್ಲೂ ಒಮ್ಮೊಮ್ಮೆ ನನಗೆ ಕನ್ನಡಿ ನೋಡು ಎನ್ನುತ್ತಾನೆ.

"ಹದಿನೈದು ಪಟ್ಟು," ಎಂದ ಒಂದು ಬೆಳಗ್ಗೆ, ಪುಸ್ತಕದಿಂದ ತಲೆ ಎತ್ತಿ. "ತೀರ್ಮಾನ ಆಯ್ತು."

"ಹದಿನೈದಾ? ಕೈಯಲ್ಲಿ ಹಿಡಿದ್ರೆ ನಡುಗುತ್ತೆ, ಲಾಂಬರ್ಟ್."

"ನಿನ್ ಕೈಲಿ ನಡುಗುತ್ತೆ. ಇದು ಇಪ್ಪತ್ತೈದು ವರ್ಷ ಸ್ಟೀರಿಂಗ್ ಹಿಡಿದ ಕೈ ಕಣೇ."

"ಪಕ್ಕದಲ್ಲಿ ಕೂತು ಬ್ರೇಕ್ ತುಳಿದ ಕಾಲು ಅನ್ನು. ಸ್ಟೀರಿಂಗ್ ಹಿಡಿಯೋದು ಕಲಿಯೋಕೆ ಬಂದೋರು."

"ನಿಂಗೆ ಇದೆಲ್ಲ ಅರ್ಥ ಆಗಲ್ಲ ಬಿಡು."

"ಅಷ್ಟು ದೊಡ್ಡದು ಮಾಡಿ ತೋರ್ಸಿದ್ರೆ ನೋಟ ಕಿರಿದಾಗುತ್ತೆ. ಪಕ್ಕದಲ್ಲಿ ಏನಿದೆ ಅಂತಾನೇ ಕಾಣಲ್ಲ."

"ಪಕ್ಕದಲ್ಲಿರೋದು ಯಾರಿಗೆ ಬೇಕು? ನಾನು ನೋಡೋದು ಎದುರುಗಡೆ ಇರೋದನ್ನ."

ಡ್ರೈವಿಂಗ್ ಕಲಿಸುವವನ ಬಾಯಿಂದ ಬಂದ ಮಾತು ಇದು. ಉಳಿದ ಬ್ರೆಡ್ಡಿನ ತುಣುಕನ್ನು ಅವನ ಪುಸ್ತಕದ ಮೇಲೆಯೇ ಒರೆಸಿ ನಾನು ಎದ್ದೆ.

ಕೊಳ್ಳಲು ಜಿಲ್ಲಾ ಪಟ್ಟಣಕ್ಕೆ ಹೋಗುವಾಗ ನಾನೂ ಹೋದೆ, ಮನೆಯ ಮಾನ ಎಷ್ಟು ಹೋಗುತ್ತದೆ ನೋಡೋಣ ಎಂದು. ಅಂಗಡಿಯ ಸ್ಟ್ರೋಬ್ಲ್ ಎಂಬ ಹೆಂಗಸು, "ಸಂಜೆ ಬನ್ನಿ, ಹಿತ್ತಲಿನ ಕತ್ತಲೆ ಮೂಲೆ ನೋಡಿ ಆರಿಸ್ಕೊಳ್ಳಿ" ಎಂದು ಒಂದು ಸಲ ಹೇಳಿದಳು. ಎರಡನೇ ಸಲ ಹೇಳಲಿಲ್ಲ. ಅವಳೂ ವ್ಯಾಪಾರ ಮಾಡಬೇಕು. ಲಾಂಬರ್ಟ್ ನಡುಮಧ್ಯಾಹ್ನ ಅಂಗಡಿಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಹದಿನೈದು ಪಟ್ಟಿನದ್ದನ್ನು ಕಣ್ಣಿಗಿಟ್ಟು, ಚರ್ಚಿನ ಶಿಖರದ ಮೇಲೆ ಗಾಳಿಗೆ ತಿರುಗುವ ತಗಡಿನ ಹುಂಜವನ್ನು ನೋಡಿದ.

"ಬುರ್ಗಿ! ಬಾಲದಲ್ಲಿ ತುಕ್ಕು ಹಿಡಿದಿದೆ! ತುಕ್ಕು ಕಾಣ್ತಿದೆ ಕಣೇ!"

"ಆ ಹುಂಜ ಹೊಡೆಯೋಕೆ ಲೈಸೆನ್ಸ್ ಸಿಗಲ್ಲ ಲಾಂಬರ್ಟ್."

ಸ್ಟ್ರೋಬ್ಲ್ ನಗು ತಡೆಯಲು ಗಾಜು ಒರೆಸುವ ಬಟ್ಟೆ ಹುಡುಕುತ್ತ ಕೆಳಗೆ ಬಗ್ಗಿದಳು. ನಾನು ಎಂಟು ಪಟ್ಟಿನದ್ದೊಂದನ್ನು ಅವನ ಕೈಗಿಟ್ಟೆ. ಹಗುರ, ಗಟ್ಟಿ, ನೋಟ ತುಂಬ ಅಗಲ. ಎರಡು ಕ್ಷಣ ನೋಡಿ ವಾಪಸು ಕೊಟ್ಟ.

"ಇದು ಎಲ್ರ ಹತ್ರಾನೂ ಇದೆ," ಎಂದ.

ನಿಜವಾದ ಕಾರಣ ಅಲ್ಲಿ ಹೊರಬಿತ್ತು. ಲೇಪವೂ ಅಲ್ಲ, ಬೆಳಕೂ ಅಲ್ಲ. ಎರಡು ಹಸುವಿನ ಬೆಲೆ ಕೊಟ್ಟು ಹದಿನೈದು ಪಟ್ಟಿನದ್ದನ್ನೇ ತಂದ. ಕತ್ತಿಗೆ ನೇತು ಹಾಕಿಕೊಂಡರೆ ಬೆಟ್ಟದಿಂದ ಇಳಿಯುವ ಹಸುವಿನ ಗಂಟೆ ನೆನಪಾಗುತ್ತಿತ್ತು. ಸಂಘದ ಗಂಡಸರು ಊರಿನವರು ಕುಡಿಯಲು ಸೇರುವ ವಸತಿಗೃಹದ ಮೂಲೆಯ ಮೇಜಿನಲ್ಲಿ ಕೂತು ಸರದಿಯಂತೆ ಅದನ್ನು ಎತ್ತಿ ಇಳಿಸಿ ತೂಕ ನೋಡಿದರು, ಹುಬ್ಬೇರಿಸಿದರು, ಅವನ ಖರ್ಚಿನಲ್ಲಿ ಕುಡಿದರು. ಒಬ್ಬನಾದರೂ ಇದು ನಮ್ಮ ನೆಲಕ್ಕಾಗದು ಎನ್ನಲಿಲ್ಲ. ಹೆಂಗಸರಿಗೆ ಬೆನ್ನೆಲುಬಿಲ್ಲ ಎನ್ನುವ ಗಂಡಸರು ಇವರೇ.

ನಮ್ಮ ನೆಲಕ್ಕಾಗದು ಎಂದದ್ದು ನನ್ನ ಅಪ್ಪ ಒಬ್ಬರೇ. ಅಪ್ಪನ ಹೆಸರು ಒಟ್ಮಾರ್. ಊರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಲಾಂಬರ್ಟನಿಗೂ ಲೆಕ್ಕ ಕಲಿಸಿದವರು, ಕಲಿಸಲು ಸಾಕಷ್ಟು ಪಾಡು ಪಟ್ಟವರು. ಭಾನುವಾರ ಊಟಕ್ಕೆ ಬಂದಾಗ ಲಾಂಬರ್ಟ್ ದುರ್ಬೀನನ್ನು ಅವರ ಕೈಗೆ ಕೊಟ್ಟ. ಅಪ್ಪ ಕಿಟಕಿಯಿಂದ ಹೊರಗೆ ಬಹಳ ಹೊತ್ತು ನೋಡಿದರು.

"ಒಂದು ಎಲೆ ಬಹಳ ಚೆನ್ನಾಗಿ ಕಾಣ್ತಿದೆ," ಎಂದರು. "ಮರ ಎಲ್ಲಪ್ಪಾ?"

"ಮಾವ, ನಿಮ್ಮ ಕಣ್ಣಿಗೆ ಈಗ ಯಾವುದೂ ಹೊಂದಲ್ಲ ಬಿಡಿ," ಎಂದ ಲಾಂಬರ್ಟ್, ಅವರ ತಟ್ಟೆಗೆ ಆಲೂಗಡ್ಡೆ ಬಡಿಸುತ್ತ.

ಅಪ್ಪನ ಕಣ್ಣಿನ ಮಾತು ಸುಳ್ಳಲ್ಲ. ವಯಸ್ಸು ಎಂಬತ್ತರ ಹತ್ತಿರ. ಒಂದು ಕಣ್ಣಿನ ಪೊರೆ ತೆಗೆಸಿದ್ದರು. ಹಗಲು ಚೆನ್ನಾಗಿಯೇ ಕಾಣುತ್ತಿತ್ತು, ಸಂಜೆಯಾದರೆ ಆಕಾರ ಮಾತ್ರ. ಇದು ಮುಖ್ಯವಾಗಿದ್ದು ಯಾಕೆಂದರೆ ಆ ವರ್ಷದ ಮುದಿ ಗಂಡು ಜಿಂಕೆ ಅಪ್ಪನದಾಗಿತ್ತು.

ನಮ್ಮ ನೆಲದಲ್ಲಿ ವರ್ಷಕ್ಕೆ ಹತ್ತು ವರ್ಷ ದಾಟಿದ ಗಂಡು ಜಿಂಕೆ ಒಂದನ್ನು ಮಾತ್ರ ಹೊಡೆಯಬಹುದು. ಸದಸ್ಯರಿಗೆ ಸರದಿಯ ಮೇಲೆ ಸಿಗುತ್ತದೆ. ಅಪ್ಪ ತಮ್ಮ ಸರದಿಯನ್ನು ಬಿಟ್ಟುಕೊಡುತ್ತಲೇ ಬಂದವರು. ಒಮ್ಮೆ ಊರಿನ ಪಾದ್ರಿಗೆ, ಒಮ್ಮೆ ಸಾಯುತ್ತಿದ್ದ ಗೆಳೆಯನಿಗೆ, ನಮ್ಮ ಮದುವೆಯ ವರ್ಷ ಲಾಂಬರ್ಟನಿಗೆ. ಈ ಸಲ ಮಾತ್ರ ತಾವೇ ಕೇಳಿದರು. "ಇದೊಂದು ಹೊಡೆದು ಬಂದೂಕು ಗೋಡೆಗೆ ಹಾಕ್ತೀನಿ," ಎಂದರು. ಸಂಘ ಒಪ್ಪಿತು, ಒಂದು ಷರತ್ತಿನ ಮೇಲೆ: ಕಣ್ಣು ಹೀಗಿರುವುದರಿಂದ ಮುಖಂಡ ಜೊತೆಗೆ ಕೂತು ಜಿಂಕೆಯನ್ನು ಗುರುತಿಸಬೇಕು. ಗುರುತಿಸುವವನು ಹೊಡಿ ಎಂದರೆ ಹೊಡೆಯುವುದು, ಬೇಡ ಎಂದರೆ ಇಳಿಸುವುದು. ಅಟ್ಟಣೆಯ ಮೇಲೆ ಅವನ ಮಾತಿಗೆ ಎದುರು ಮಾತಿಲ್ಲ. ನಮ್ಮಲ್ಲಿ ಹಿಂದಿನಿಂದಲೂ ಹಾಗೆಯೇ.

ಆದರೆ ಕೊಂಬಿನ ಮೇಲೆ ಬರೆಯುವುದು ಹೊಡೆದವನ ಹೆಸರು. ವಸಂತಕ್ಕೆ ಮೊದಲು ಜಿಲ್ಲೆಯ ಎಲ್ಲ ಕೊಂಬುಗಳನ್ನೂ ದವಡೆಯ ಮೂಳೆಯ ಸಮೇತ ಒಂದು ಸಭಾಂಗಣದಲ್ಲಿ ತೂಗುಹಾಕುತ್ತಾರೆ. ಹಲ್ಲು ನೋಡಿ ವಯಸ್ಸು ಹೇಳುತ್ತಾರೆ. ಸರಿಯಾದ ಪ್ರಾಣಿಯಾಗಿದ್ದರೆ ಹಣೆಯ ಮೂಳೆಗೆ ಕಾಗದದ ಹಸಿರು ಚುಕ್ಕೆ ಅಂಟಿಸುತ್ತಾರೆ. ಎಳೆಯದನ್ನು ಹೊಡೆದಿದ್ದರೆ ಕೆಂಪು. ಕೆಂಪು ಚುಕ್ಕೆ ಬಿದ್ದವನಿಗೆ ಮುಂದಿನ ಕೆಲವು ವರ್ಷ ಗಂಡು ಜಿಂಕೆ ಇಲ್ಲ. ಅದು ಹೋಗಲಿ, ಜನ ಮರೆಯುವುದಿಲ್ಲ. ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ, ಹಾಲಿನ ಡೈರಿಯಲ್ಲಿ, "ಅವನೇ, ಕೆಂಪು ಚುಕ್ಕೆಯವನು" ಎನ್ನುತ್ತಾರೆ. ಅಪ್ಪನಿಗೆ ಐವತ್ತು ವರ್ಷಕ್ಕೂ ಮಿಕ್ಕ ಬೇಟೆಯಲ್ಲಿ ಒಂದೂ ಬಿದ್ದಿರಲಿಲ್ಲ.

ಆಗಸ್ಟ್ ಕೊನೆಯಲ್ಲಿ ಸ್ಪ್ರೂಸ್ ಕಾಡಿನ ನಡುವಿನ ಬಯಲಿಗೆ ಮುದಿ ಗಂಡೊಂದು ಸಂಜೆ ಬರುತ್ತಿದೆ ಎಂದು ಗೊತ್ತಾಯಿತು. ಮುದಿ ಗಂಡು ಒಂಟಿಯಾಗಿ ಬರುವುದಿಲ್ಲ. ಜೊತೆಗೊಂದು ಎಳೆಯ ಗಂಡನ್ನು ಇಟ್ಟುಕೊಂಡಿರುತ್ತದೆ. ಬಯಲಿಗೆ ಮೊದಲು ಕಾಲಿಡುವುದು ಎಳೆಯದು. ಅಪಾಯವಿದ್ದರೆ ಅದಕ್ಕಿರಲಿ ಎಂದು ಮುದಿಯದು ಮರದ ಅಂಚಿನಲ್ಲಿ ನಿಂತಿರುತ್ತದೆ. ನಮ್ಮ ಸಂಘದ ಮುಖಂಡರ ಸ್ವಭಾವವೂ ಹೆಚ್ಚು ಕಡಿಮೆ ಇದೇ, ಅದು ಆಮೇಲೆ ತಿಳಿಯುತ್ತದೆ.

"ಮೂರು ಜನ ಅಟ್ಟಣೆ ಮೇಲೆ ಬೇಡ," ಎಂದ ಲಾಂಬರ್ಟ್. "ನೀನು ಎದುರಿನ ಹುಲ್ಲಿನ ಗುಡಿಸಲ ಹತ್ರ ಕೂತ್ಕೋ. ಗಾಯ ಆಗಿ ಓಡಿದ್ರೆ ಯಾವ ಕಡೆ ಹೋಯ್ತು ಅಂತ ನೋಡು."

ಹೋಗಿ ಕೂತೆ. ನನ್ನ ಬಳಿ ಇದ್ದದ್ದು ಹಳೆಯ ಎಂಟು ಪಟ್ಟಿನ ದುರ್ಬೀನು. ನಾನು ಬೇಟೆಯ ಪರೀಕ್ಷೆ ಪಾಸಾದಾಗ ಅಪ್ಪ ಕೊಡಿಸಿದ್ದು. ಚರ್ಮ ಸವೆದು ಲೋಹ ಕಾಣುತ್ತದೆ, ಪಟ್ಟಿ ಎರಡು ಸಲ ಬದಲಾಗಿದೆ.

ಬೆಳಕು ಇಳಿಯುತ್ತಿದ್ದಾಗ ಬಯಲಿನ ಮೇಲಂಚಿನಿಂದ ಎಳೆಯದು ಬಂತು. ಎತ್ತರದ ಕೊಂಬು, ತುದಿಗಳು ಬೆಳ್ಳಗೆ, ಕತ್ತೆತ್ತಿ ನಡೆಯುವ ಠೀವಿ. ಬೆನ್ನು ನೇರ, ಹೊಟ್ಟೆ ಬಿಗಿ. ಇನ್ನೂ ನಾಲ್ಕೈದು ವರ್ಷ ಬಿಟ್ಟರೆ ಕಣಿವೆಯಲ್ಲೇ ಅಂಥ ಗಂಡು ಇರುವುದಿಲ್ಲ. ಅದರ ಹಿಂದೆ, ಸ್ವಲ್ಪ ಎಡಕ್ಕೆ, ಮರಗಳ ಅಂಚಿನಲ್ಲಿ ಇನ್ನೊಂದು ನಿಂತಿತ್ತು. ತಲೆ ತಗ್ಗಿಸಿತ್ತು. ಕತ್ತು ದಪ್ಪ, ಹೊಟ್ಟೆ ಜೋತುಬಿದ್ದಿತ್ತು, ಬೆನ್ನು ತಗ್ಗಾಗಿತ್ತು. ಕೊಂಬು ಗಿಡ್ಡ, ಬುಡದಲ್ಲಿ ಮಾತ್ರ ದಪ್ಪ, ಮೇಲೆ ಕವಲೇ ಇಲ್ಲ. ಹಿಂದೆ ದೊಡ್ಡದಿದ್ದು ಈಗ ಕುಗ್ಗಿದ ಕೊಂಬು. ಅಪ್ಪನ ಜಿಂಕೆ ಅದೇ. ಎರಡೂ ಒಂದೇ ನೋಟದಲ್ಲಿ ನನಗೆ ಕಾಣುತ್ತಿದ್ದವು.

ಅಟ್ಟಣೆಯಿಂದ ಸದ್ದಿಲ್ಲ. ಮುದಿಯದು ಬಯಲಿಗೆ ಬರಲಿ ಎಂದು ಕಾಯುತ್ತಿದ್ದಾರೆ ಎಂದುಕೊಂಡೆ. ನಿಜ ಹೇಳುತ್ತೇನೆ, ಆ ಕ್ಷಣ ನನ್ನ ಗಂಡನ ಮೇಲೆ ನನಗೆ ಪ್ರೀತಿಯೇ ಬಂತು. ಪರವಾಗಿಲ್ಲ, ತಾಳ್ಮೆ ಇದೆ, ನೋಡಬೇಕಾದ್ದನ್ನು ನೋಡಿದ್ದಾನೆ ಎಂದು.

ಆಮೇಲೆ ಗುಂಡು ಹಾರಿತು. ಎಳೆಯದು ನಾಲ್ಕು ಹೆಜ್ಜೆ ಓಡಿ ಮಗುಚಿ ಬಿತ್ತು. ಮುದಿಯದು ತಲೆ ಎತ್ತಿ ಒಮ್ಮೆ ನೋಡಿ, ಆತುರವಿಲ್ಲದೆ ತಿರುಗಿ ಕಾಡಿನೊಳಗೆ ಹೋಯಿತು. ಅದು ಹೋದದ್ದನ್ನು ನೋಡಿದವಳು ನಾನೊಬ್ಬಳೇ.

ನಾನು ಕಣಿವೆ ಇಳಿದು ಬಯಲು ಹತ್ತಿ ಬರುವಷ್ಟರಲ್ಲಿ ಲಾಂಬರ್ಟ್ ಫರ್ ಮರದ ಸಣ್ಣ ರೆಂಬೆ ಮುರಿದು ಜಿಂಕೆಯ ರಕ್ತದಲ್ಲಿ ಅದ್ದಿ, ತನ್ನ ಟೋಪಿಯ ಮೇಲಿಟ್ಟು, ಹೊಡೆದವನಿಗೆ ಸಲ್ಲುವ ಮರ್ಯಾದೆಯೆಂದು ಅಪ್ಪನಿಗೆ ಕೊಡುತ್ತಿದ್ದ. ಅವನ ಮುಖದಲ್ಲಿ ಹಬ್ಬ. "ಹನ್ನೆರಡು ಕವಲು ಮಾವ! ಒಂದೊಂದೂ ಎಣಿಸ್ದೆ! ತುದಿ ಮೇಲಿನ ಗೀರು ಕೂಡ ಕಾಣ್ತಿತ್ತು!" ಎನ್ನುತ್ತಿದ್ದ. ಅಪ್ಪ ಮಂಡಿಯೂರಿ ಜಿಂಕೆಯ ಬಾಯೊಳಗೆ ಹೆಬ್ಬೆರಳು ಹಾಕಿ ಹಲ್ಲುಗಳನ್ನು ಸವರಿದರು. ಮುದಿ ಗಂಡಿನ ಹಲ್ಲು ಸವೆದು ನುಣುಪಾಗಿರುತ್ತದೆ. ಅಪ್ಪ ಬೆರಳು ಹೊರಗೆ ತೆಗೆದು ನೋಡಿದರು. ಚೂಪಾದ ಹಲ್ಲು ಚರ್ಮ ಗೀರಿತ್ತು.

ಆಮೇಲೆ ಎದ್ದರು. ರೆಂಬೆಯನ್ನು ತೆಗೆದುಕೊಂಡು, ಅದರಿಂದ ಒಂದು ಚೂರು ಮುರಿದು ಲಾಂಬರ್ಟನ ಕೈಗೆ ಕೊಟ್ಟರು. ಜಿಂಕೆ ಗುರುತಿಸಿದವನಿಗೆ ಪಾಲು ಕೊಡುವುದು ನಮ್ಮ ಪದ್ಧತಿ. ಲಾಂಬರ್ಟ್ ಅದನ್ನು ತನ್ನ ಟೋಪಿಗೆ ಸಿಕ್ಕಿಸಿಕೊಂಡು ಸೆಟೆದು ನಿಂತ.

"ಲಾಂಬರ್ಟ್, ಹಿಂದೆ ಇನ್ನೊಂದು ಇತ್ತು," ಎಂದೆ ನಾನು.

"ಎಲ್ಲಿ?"

"ಪಕ್ಕದಲ್ಲಿ."

ಅವನು ಕಾಡಿನ ಕಡೆ ತಿರುಗಿ ದುರ್ಬೀನನ್ನು ಕಣ್ಣಿಗೆ ಎತ್ತಿದ. ಈಗ! ನನಗೆ ಮೈಯೆಲ್ಲ ಉರಿದುಹೋಯಿತು.

ಆ ರಾತ್ರಿ ಅಪ್ಪನನ್ನು ಅವರ ಮನೆಗೆ ಬಿಟ್ಟಾಗ ಅಡಿಗೆಮನೆಯಲ್ಲಿ ಕೂತು ಹೇಳಿದರು. ಗೀರಿದ ಬೆರಳನ್ನು ನೀರಿನಲ್ಲಿ ಅದ್ದಿಟ್ಟುಕೊಂಡಿದ್ದರು.

"ನಂಗೆ ಆಕಾರ ಮಾತ್ರ ಕಾಣ್ತಿತ್ತು ಬುರ್ಗಿ. ಮುಂದೆ ಬರೋದು ಎಳೇದು, ಹಿಂದೆ ಇನ್ನೊಂದು ಇದ್ಯಾ ನೋಡಪ್ಪಾ ಅಂದೆ. ಒಂದೇ ಇರೋದು ಮಾವ, ಹೊಡೀರಿ ಅಂದ. ಎರಡು ಸಲ ಕೇಳ್ದೆ."

"ನೀವು ಹೊಡೀಬಾರ್ದಿತ್ತು."

"ಗುರುತಿಸೋನು ಹೇಳಿದ್ಮೇಲೆ ಹೊಡೀದೆ ಇದ್ರೆ ಅವನಿಗೆ ಅವಮಾನ. ಅದೂ ಅಳಿಯ." ಬೆರಳನ್ನು ಒರೆಸಿಕೊಂಡರು. "ಆ ಎಳೇದು ಎಷ್ಟು ಚೆನ್ನಾಗಿತ್ತು ನೋಡು."

ಇಷ್ಟಕ್ಕೆ ನಿಂತಿದ್ದರೆ ನನ್ನ ಗಂಡ ಬರೀ ದಡ್ಡ ಎಂದು ಬಿಟ್ಟುಬಿಡುತ್ತಿದ್ದೆ. ದಡ್ಡನ ಜೊತೆ ಸಂಸಾರ ಮಾಡಬಹುದು, ಊರಲ್ಲಿ ಎಷ್ಟೋ ಜನ ಮಾಡುತ್ತಿದ್ದಾರೆ. ಆದರೆ ಸ್ವಲ್ಪ ದಿನಕ್ಕೆ ಬೇಕರಿಯಲ್ಲಿ ಬ್ರೆಡ್ಡು ಕಟ್ಟಿಕೊಡುತ್ತ ಬೇಕರಿಯವಳು ನನ್ನ ಕಡೆ ಬಾಗಿ, "ಪಾಪ, ನಿಮ್ಮಪ್ಪ" ಎಂದಳು. "ಕಣ್ಣು ಕಾಣಲ್ವಂತೆ. ಲಾಂಬರ್ಟ್ ತಡೀರಿ ತಡೀರಿ ಅಂತಿದ್ರೂ ಆತುರ ಬಿದ್ದು ಹೊಡೆದುಬಿಟ್ರಂತೆ. ಇಂಥವರ ಕೈಗೆ ಬಂದೂಕು ಕೊಡ್ಬಾರ್ದು ಅಂತ ನಮ್ಮವ್ರು ಅಂತಿದ್ರು."

ಬ್ರೆಡ್ಡನ್ನು ಅಲ್ಲೇ ಬಿಟ್ಟು ಡ್ರೈವಿಂಗ್ ಸ್ಕೂಲಿಗೆ ಹೋದೆ. ಲಾಂಬರ್ಟ್ ಒಬ್ಬನೇ ಕೂತು ಆಟಿಕೆಯ ಕಾರುಗಳನ್ನು ನಾಲ್ಕು ರಸ್ತೆ ಕೂಡುವ ಚಿತ್ರದ ಮೇಲೆ ಜೋಡಿಸುತ್ತಿದ್ದ.

"ಅಪ್ಪ ಆತುರ ಬಿದ್ರಾ?"

"ಬಾಗಿಲು ಹಾಕು."

"ನೀನು ತಡೀರಿ ಅಂದ್ಯಾ?"

"ಬುರ್ಗಿ, ಸ್ವಲ್ಪ ಯೋಚ್ನೆ ಮಾಡು. ಕೆಂಪು ಚುಕ್ಕೆ ಹೇಗಿದ್ರೂ ಬೀಳುತ್ತೆ. ಮುಖಂಡನೇ ತಪ್ಪು ಗುರುತಿಸ್ದ ಅಂತ ಆದ್ರೆ ನನ್ನ ತೆಗೀತಾರೆ. ಮಾವನಿಗೆ ಏನಾಗ್ಬೇಕು ಹೇಳು? ಅವ್ರು ಹೇಗೂ ಬಂದೂಕು ಇಡ್ತೀನಿ ಅಂದಿದ್ರು. ಅವ್ರಿಗೆ ಯಾವ ನಷ್ಟಾನೂ ಇಲ್ಲ."

"ನಷ್ಟ ಇಲ್ಲ?"

"ಈ ವಯಸ್ಸಲ್ಲಿ ಹೆಸರು ಇಟ್ಕೊಂಡು ಏನ್ಮಾಡ್ತಾರೆ?"

ಮೂವತ್ತು ವರ್ಷದ ಸಂಸಾರದಲ್ಲಿ ಅವನ ಗೊರಕೆ, ಜಂಬ, ನನ್ನ ತಟ್ಟೆಯಿಂದ ಎತ್ತಿ ತಿನ್ನುವ ಚಾಳಿ ಎಲ್ಲ ಸಹಿಸಿದ್ದೇನೆ. ಆ ಮಾತು ಕೇಳಿದ ಮೇಲೆ ಅವನು ಮನುಷ್ಯನಂತೆ ಕಾಣಲಿಲ್ಲ. ಒಂದು ಆಟಿಕೆ ಕಾರನ್ನು ಎತ್ತಿ ಮೇಜಿಗೆ ಕುಟ್ಟಿ ಹೊರಗೆ ಬಂದೆ. ಅದೇ ದಿನ ಗಂಟುಮೂಟೆ ಕಟ್ಟಿ ಹೋಗಬಹುದಿತ್ತು. ಹೋಗಲಿಲ್ಲ. ಮನೆ ನನ್ನದೂ ಹೌದು, ಹೋಗುವುದಿದ್ದರೆ ಅವನು ಹೋಗಲಿ.

ಅಪ್ಪನಿಗೆ ಆ ಸುದ್ದಿ ನನಗಿಂತ ಮೊದಲೇ ತಲುಪಿತ್ತು.

"ನಾನು ಎರಡನ್ನೂ ನೋಡಿದೀನಿ. ಸಂಘದಲ್ಲಿ ಎದ್ದು ಹೇಳ್ತೀನಿ," ಎಂದೆ.

"ಬೇಡ. ನೀನು ಹೇಳಿದ್ರೆ ಗಂಡ ಹೆಂಡ್ತಿ ಜಗಳ ಅಂತ ನಗ್ತಾರೆ."

"ಹಾಗಾದ್ರೆ ನೀವು ಹೇಳಿ."

"ಸೋತ ಮುದುಕ ನೆಪ ಹೇಳ್ತಾನೆ ಅಂತಾರೆ." ಅಪ್ಪ ಒಲೆಗೆ ಕಟ್ಟಿಗೆ ತಳ್ಳಿದರು. "ಯಾರಿಗೆ ಏನು ಸೇರ್ಬೇಕೋ ಅದು ಸೇರುತ್ತೆ. ನೀನು ಸುಮ್ನಿರು."

ಸುಮ್ಮನಿದ್ದೆ. ಆ ಚಳಿಗಾಲ ಅಪ್ಪ ವಸತಿಗೃಹಕ್ಕೆ ಇಸ್ಪೀಟಿಗೆ ಹೋಗುವುದನ್ನು ನಿಲ್ಲಿಸಿದರು. ಹೋದರೆ ಯಾರಾದರೂ ಕುರ್ಚಿ ಎಳೆದುಕೊಟ್ಟು, "ಇಲ್ಲಿದೆ ಮೇಷ್ಟ್ರೇ, ನಿಧಾನ" ಎನ್ನುತ್ತಿದ್ದರು. ಎಲೆ ತಿರುಗಿಸುವ ಮುಂಚೆ, "ಇದು ರಾಜ ಮೇಷ್ಟ್ರೇ, ಕಾಣ್ತಿದ್ಯಾ?" ಎಂದು ಕೇಳುತ್ತಿದ್ದರು. ಕುರುಡರಲ್ಲದವರನ್ನು ಕುರುಡರನ್ನಾಗಿ ಮಾಡಲು ಒಂದು ಊರಿಗೆ ಎಷ್ಟು ಸುಲಭ!

ಫೆಬ್ರವರಿ ಕೊನೆಯಲ್ಲಿ ಕೊಂಬುಗಳ ಪ್ರದರ್ಶನ. ಜಿಲ್ಲೆಯ ಬೇಟೆಗಾರರೆಲ್ಲ ಹಸಿರು ಕೋಟು ಹಾಕಿ ಬಂದಿದ್ದರು. ಸಭಾಂಗಣದ ತುಂಬ ಸಾಸೇಜಿನ ವಾಸನೆ, ಒದ್ದೆ ಉಣ್ಣೆಯ ವಾಸನೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಕೊಂಬುಗಳು. ಲಾಂಬರ್ಟ್ ಮುಖಂಡರ ಮೇಜಿನಲ್ಲಿ ಕೂತಿದ್ದ, ಕತ್ತಿನಲ್ಲಿ ದುರ್ಬೀನು. ನಾಲ್ಕು ಗೋಡೆಯೊಳಗೆ ದುರ್ಬೀನು ಯಾಕೆ ಎಂದು ನನ್ನನ್ನು ಕೇಳಬೇಡಿ. ಬೇರೆ ಕಣಿವೆಯವರು ಇನ್ನೂ ನೋಡಿರಲಿಲ್ಲವಲ್ಲ.

ಜಿಲ್ಲೆಯ ಬೇಟೆಗಾರರ ಮುಖ್ಯಸ್ಥ ಹುಬಿಂಗರ್ ಒಂದೊಂದೇ ಹೆಸರು ಕೂಗುತ್ತ ಬಂದ. ಅಪ್ಪನ ಹೆಸರು ಬಂದಾಗ ಸ್ವಲ್ಪ ತಡೆದ.

"ಒಟ್ಮಾರ್. ಹನ್ನೆರಡು ಕವಲು. ವಯಸ್ಸು ಏಳು. ಕೆಂಪು." ಆಮೇಲೆ ಬೆಣ್ಣೆಯಂಥ ದನಿಯಲ್ಲಿ, "ವಯಸ್ಸಾದ್ಮೇಲೆ ಕಣ್ಣು ಕೈಕೊಡುತ್ತೆ. ಇಷ್ಟು ವರ್ಷ ಒಳ್ಳೆ ಬೇಟೆ ಆಡಿದೋರು. ನಾವ್ಯಾರೂ ತಪ್ಪು ತಿಳ್ಕೊಳ್ಳಲ್ಲ," ಎಂದ.

ಜನ ಚಪ್ಪಾಳೆ ತಟ್ಟಿದರು. ಕೆಂಪು ಚುಕ್ಕೆಗೆ ಚಪ್ಪಾಳೆ ತಟ್ಟಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಲಾಂಬರ್ಟ್ ಕೂಡ ತಟ್ಟಿದ.

ಅಪ್ಪ ನನ್ನ ಪಕ್ಕದಿಂದ ಎದ್ದರು. ಕೈ ಹಿಡಿಯಲು ಹೋದ ನನ್ನನ್ನು ತಡೆದು, ಯಾರ ಆಸರೆಯೂ ಇಲ್ಲದೆ ಕುರ್ಚಿಗಳ ನಡುವೆ ನಡೆದು ತಮ್ಮ ಕೊಂಬಿನ ಹಲಗೆಯ ಮುಂದೆ ನಿಂತರು. ಹಣೆಯ ಮೂಳೆಯಿಂದ ಕೆಂಪು ಕಾಗದವನ್ನು ಉಗುರಿನಿಂದ ಎಬ್ಬಿಸಿ ತೆಗೆದರು. ಸಭೆಯಲ್ಲಿ ಗುಸುಗುಸು ಎದ್ದಿತು. ಚುಕ್ಕೆ ಕೀಳುವುದು ಎಂದರೆ ತೀರ್ಪನ್ನು ಒಪ್ಪುವುದಿಲ್ಲ ಎಂದು. ಅಪ್ಪ ಜೇಬಿನಿಂದ ಚಾಕು ತೆಗೆದು, ಹಲಗೆಯ ಅಂಚಿನ ಮೇಲಿಟ್ಟು ಆ ಚುಕ್ಕೆಯನ್ನು ನಟ್ಟನಡುವೆ ಕೊಯ್ದರು. ಒಂದು ಅರ್ಧವನ್ನು ಮತ್ತೆ ಮೂಳೆಗೆ ಅಂಟಿಸಿದರು. ಇನ್ನೊಂದು ಅರ್ಧವನ್ನು ಬೆರಳ ತುದಿಯ ಮೇಲಿಟ್ಟುಕೊಂಡು ಮುಖಂಡರ ಮೇಜಿಗೆ ಬಂದರು.

"ಎದ್ದು ನಿಲ್ಲು, ಲಾಂಬರ್ಟ್."

ಅವನು ಎದ್ದ. ಆ ದನಿಗೆ ಆ ಸಭಾಂಗಣದಲ್ಲಿ ಕಾಲು ಭಾಗ ಜನ ಏಳುತ್ತಿದ್ದರು, ಅವರೂ ಅದೇ ಶಾಲೆಯವರು. ಅಪ್ಪ ಅವನ ಎದೆಯ ಮೇಲೆ ತೂಗುತ್ತಿದ್ದ ದುರ್ಬೀನಿನ ಎರಡು ಕೊಳವೆಗಳ ನಡುವೆ ಆ ಅರ್ಧ ಚುಕ್ಕೆಯನ್ನು ಒತ್ತಿ ಅಂಟಿಸಿದರು.

"ರೆಂಬೆಯಲ್ಲಿ ನಿನ್ನ ಪಾಲು ಕೊಟ್ಟೆ, ಟೋಪಿಗೆ ಸಿಕ್ಕಿಸ್ಕೊಂಡೆ," ಎಂದರು. "ಇದು ಚುಕ್ಕೆಯಲ್ಲಿ ನಿನ್ನ ಪಾಲು."

ಹುಬಿಂಗರ್ ಗಂಟಲು ಸರಿಮಾಡಿಕೊಂಡ. "ಒಟ್ಮಾರ್, ಇದು ನಿಯಮದಲ್ಲಿಲ್ಲ."

"ರೆಂಬೇನೂ ನಿಯಮದಲ್ಲಿಲ್ಲ," ಎಂದರು ಅಪ್ಪ, ಅವನ ಕಡೆ ತಿರುಗದೆ.

ಎಲ್ಲರೂ ಲಾಂಬರ್ಟನನ್ನೇ ನೋಡುತ್ತಿದ್ದರು. ಅವನು ಬಾಯಿ ತೆರೆದ. ತಡೀರಿ ಎಂದಿದ್ದೆ, ಮುದುಕ ಕೇಳಲಿಲ್ಲ ಎಂಬ ಮಾತು ಇಡೀ ಚಳಿಗಾಲ ಅವನ ನಾಲಿಗೆಯ ಮೇಲೆ ಸಲೀಸಾಗಿ ಓಡಾಡಿತ್ತು. ಈಗ ಹೇಳಿದ್ದರೆ ಅರ್ಧ ಸಭೆ ನಂಬುತ್ತಿತ್ತು.

"ಅರ್ಧ ಅಂದ್ರೆ ಎಷ್ಟು ಅಂತ ನಿಂಗೆ ಕಲಿಸಿದ್ದು ನಾನೇ," ಎಂದರು ಅಪ್ಪ. "ಹೆಚ್ಚು ಕೊಟ್ಟಿದ್ರೆ ಹೇಳು."

ಲಾಂಬರ್ಟ್ ಕೆಳಗೆ ಆ ಕೆಂಪು ತುಣುಕನ್ನು ನೋಡಿದ. ಅಪ್ಪನನ್ನು ನೋಡಿದ. ಅವನ ಕಿವಿಗಳು ಕೆಂಪಗಾದವು.

"ಇಲ್ಲ, ಮೇಷ್ಟ್ರೇ," ಎಂದ.

ಮಾವ ಎನ್ನಲಿಲ್ಲ. ಮೇಷ್ಟ್ರೇ ಎಂದ. ಕೊನೆಯ ಸಾಲಿನವರೆಗೂ ಕೇಳಿಸಿತು. ಹುಬಿಂಗರ್ ಮುಂದಿನ ಹೆಸರು ಕೂಗಲು ಎರಡು ಸಲ ತಡವರಿಸಿದ. ಆ ಹೆಸರು ಯಾರದೆಂದು ಯಾರೂ ಕೇಳಿಸಿಕೊಳ್ಳಲಿಲ್ಲ.

ಮನೆಗೆ ಹಿಂದಿರುಗುವಾಗ ಕಾರನ್ನು ನಾನು ಓಡಿಸಿದೆ. ಅಪ್ಪ ಹಿಂದಿನ ಸೀಟಿನಲ್ಲಿ ಕೊಂಬನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದರು. ಇನ್ನು ಅವರು ಯಾವ ಜಿಂಕೆಯನ್ನೂ ಹೊಡೆಯುವುದಿಲ್ಲ. ಆ ನಷ್ಟವನ್ನು ಯಾವ ಚಾಕುವೂ ಅರ್ಧ ಮಾಡಲಾರದು. ಲಾಂಬರ್ಟ್ ನನ್ನ ಪಕ್ಕದಲ್ಲಿದ್ದ. ದುರ್ಬೀನು ಅವನ ಮಡಿಲಲ್ಲಿತ್ತು. ಚುಕ್ಕೆಯನ್ನು ಕಿತ್ತಿರಲಿಲ್ಲ, ಮುಟ್ಟಲೂ ಇಲ್ಲ. ಮುಟ್ಟಿದರೆ ನಾನು ಏನಾದರೂ ಹೇಳುತ್ತೇನೆ ಎಂಬ ಭಯವಿರಬೇಕು. ಸರಿಯಾಗಿಯೇ ಹೆದರಿದ್ದ.

ಸೇತುವೆಯ ಹತ್ತಿರ ರಸ್ತೆ ಕೂಡುವಲ್ಲಿ ಕಾರು ನಿಧಾನಿಸಿದೆ. ಅವನಿಗೆ ಅಭ್ಯಾಸಬಲ. ಬಾಯಿ ತಡೆಯಲಿಲ್ಲ.

"ಬಲಗಡೆ ನೋಡು," ಎಂದ.

"ನೋಡ್ದೆ," ಎಂದೆ. "ನಾನು ಎರಡನ್ನೂ ನೋಡ್ದೆ, ಲಾಂಬರ್ಟ್."